ನಡಾವಳಿಯಲ್ಲಿ ಸೇರದ್ದು

ಆ ದಿನದ ಸಭೆಯ ನಡಾವಳಿ ಬರೆದವನು ನಾನು.
ಮೂರನೇ ಮಹಡಿ, ಮೇ ತಿಂಗಳ ಮಂಗಳೂರು,
ಕಿಟಕಿಯಾಚೆ ಸ್ಟೇಟ್‌ಬ್ಯಾಂಕಿನ ಬಸ್ಸುಗಳ ಹಾರ್ನು,
ಮುಂಗೈಗೆ ಅಂಟಿಕೊಳ್ಳುವ ಕಾಗದದ ಮೇಲೆ
ವಿಷಯ ಒಂದು: ತಂತಿಬಲ್ಬುಗಳ ನಿಷೇಧ,
ಸಾರ್ವಜನಿಕರ ಅಹವಾಲು.

ಸಾರ್ವಜನಿಕರು ಒಟ್ಟು ಹನ್ನೊಂದು ಮಂದಿ.
ಅದರಲ್ಲಿ ಏಳು ಕಂಪನಿಯವರು.

ಕುರ್ಚಿ ಕುರ್ಚಿಗೆ ಒಂದೊಂದು ಎಲ್‌ಇಡಿ ಬಲ್ಬು, ಉಚಿತ,
ಜತೆಗೆ ಗೇರುಬೀಜದ ಪೊಟ್ಟಣ, ಉಪ್ಪು ಹಾಕಿ ಹುರಿದದ್ದು.
ನಾನೂ ತಿಂದೆ. ಅದನ್ನು ಬರೆಯಲಿಲ್ಲ.

"ನೂರಕ್ಕೆ ಐದು ಪಾಲು ಮಾತ್ರ ಬೆಳಕು ಸಾರ್,
ಮಿಕ್ಕ ತೊಂಬತ್ತೈದು ಬರೀ ಶಾಖ. ದಂಡ."
ಪರದೆಯ ಮೇಲೆ ಕೆಂಪು ಗೆರೆ ಇಳಿಯಿತು, ಹಸಿರು ಏರಿತು.
ನಲವತ್ತು ವರ್ಷ ಆ ದಂಡವನ್ನೇ
ಡಜನ್ನಿನ ಲೆಕ್ಕದಲ್ಲಿ ಮಾರಿದವರೂ ಇವರೇ;
ನಮ್ಮಪ್ಪ ತರುತ್ತಿದ್ದ ಬಲ್ಬಿನ ನೆತ್ತಿಯಲ್ಲಿ
ಇದೇ ಹೆಸರು ಉರುಟಾಗಿ ಕೂತಿರುತ್ತಿತ್ತು.
"ನಿಷೇಧಕ್ಕೆ ನಮ್ಮ ಪೂರ್ಣ ಬೆಂಬಲ" ಎಂದರು.
ಆಮೇಲೆ ಸಾಹೇಬರ ಕಿವಿಯ ಹತ್ತಿರ ಬಾಗಿ,
ಗೋದಾಮಿನ ಮಾಲು ಮುಗಿಯಲು ಒಂಬತ್ತು ತಿಂಗಳು ಕೇಳಿದರು.
ಅದು ನಡಾವಳಿಯಲ್ಲಿ ಉಂಟು: 'ಸಕಾರಣ ಕಾಲಾವಕಾಶ.'
ಪದ ನನ್ನದೇ. ಸ್ವಲ್ಪ ಹೆಮ್ಮೆಯೂ ಆಗಿತ್ತು.

ಹಿಂದಿನ ಸಾಲಿನಿಂದ ಎದ್ದವರು ಸೆರಾಫಿನ್ ಬಾಯಿ.
ಕಿನ್ನಿಗೋಳಿಯಿಂದಲೂ ಒಳಗೆ, ಎರಡು ಬಸ್ಸಿನ ದಾರಿ.
ಚೀಲದಿಂದ ಟವೆಲು, ಟವೆಲಿನೊಳಗಿಂದ
ಅರವತ್ತು ವ್ಯಾಟಿನದೊಂದು, ಹೊಟ್ಟೆ ಕಪ್ಪಾದದ್ದು,
ಮೇಜಿನ ಮೇಲೆ ಇಟ್ಟರು, ಮೊಟ್ಟೆ ಇಟ್ಟ ಹಾಗೆ.
ಅದು ಉರುಳಿತು. ಸಾಹೇಬರೇ ಹಿಡಿದರು.

"ನನ್ನಲ್ಲಿ ಇನ್ನೂರು ಕೋಳಿಮರಿ ಉಂಟು ಸಾರ್,
ತಾಯಿ ಇಲ್ಲದವು, ಪೆಟ್ಟಿಗೆಯಲ್ಲಿ ಬರುವಂಥವು.
ಮಳೆಗಾಲದ ರಾತ್ರಿ ಇದರ ಅಡಿಯಲ್ಲಿ
ಒಂದರ ಮೇಲೊಂದು ಬಿದ್ದು ಮಲಗ್ತವೆ.
ಇವರ ಬಲ್ಬನ್ನೂ ಹಾಕಿ ನೋಡಿದೆ ಆಯ್ತಾ,
ಕೊಟ್ಟಿಗೆ ಬೆಳ್ಳಗೆ ಹಗಲಾಯ್ತು.
ಬೆಳಿಗ್ಗೆ ಮೂವತ್ತೊಂದು ಸತ್ತಿತ್ತು.
ಸತ್ತದ್ದೆಲ್ಲ ಚೆಂದ ಕಾಣ್ತಿತ್ತು.
ನೀವು ಶಾಖ ದಂಡ ಅಂತೀರಿ.
ನನಗೆ ದಂಡ ಆಗುವುದು ಬೆಳಕು ಮಾರಾಯ್ರೆ,
ಅದು ನೀವೇ ಇಟ್ಟುಕೊಳ್ಳಿ."

ಯಾರೋ ನಕ್ಕರು. ಅಷ್ಟರಲ್ಲಿ ಕರೆಂಟು ಹೋಯಿತು.
ಪರದೆ ಆರಿತು, ಫ್ಯಾನು ನಿಧಾನಕ್ಕೆ ನಿಂತಿತು,
ಕಂಪನಿ, ಸರಕಾರ, ಸಾರ್ವಜನಿಕ
ಎಲ್ಲರೂ ಒಂದೇ ಬೆವರು ಬೆವರಿದೆವು.
ನಾನು ಪೆನ್ನಿನ ಮುಚ್ಚಳ ಹಾಕಿದೆ.
ಮಧ್ಯಾಹ್ನ ಮೂರು ಗಂಟೆ, ಕತ್ತಲೆ ಏನೂ ಇರಲಿಲ್ಲ.
ಬರೆಯಬಹುದಿತ್ತು.

ಕೊನೆಯ ಸಾಲು ಎಂದಿನಂತೆ:
'ಆಕ್ಷೇಪಣೆಗಳು ಸ್ವೀಕೃತವಾಗಿರುವುದಿಲ್ಲ.'
ಮೂರು ಪ್ರತಿ, ಮೊಹರು.
ಸಂಜೆ ಹಂಪನಕಟ್ಟೆಯಲ್ಲಿ ಗೋಳಿಬಜೆ ತಿಂದು ಮನೆಗೆ ಹೋಗಿ
ಉಚಿತದ ಬಲ್ಬನ್ನು ಬಚ್ಚಲಿಗೆ ಹಾಕಿದೆ.
ಇವತ್ತಿಗೂ ಉರಿಯುತ್ತದೆ. ಸುಳ್ಳು ಯಾಕೆ,
ಬಿಲ್ಲು ಕಮ್ಮಿಯೇ ಬಂತು.

ನಿವೃತ್ತಿಯಾಗಿ ಎರಡು ಮಳೆಗಾಲ ಕಳೆದ ಮೇಲೆ
ಬಂದರಿನ ಓಣಿಯಲ್ಲಿ, ಇದ್ದಿನಬ್ಬರ ಅಂಗಡಿಯೆದುರು
ಯಾಕೋ ಕಾಲು ನಿಂತಿತು. "ಹಳೇದು ಉಂಟಾ?"
ಅವರು ರಸ್ತೆಯ ಎರಡೂ ಕಡೆ ನೋಡಿ,
ಗೋಣಿಯ ಅಡಿಯಿಂದ ಒಂದು ತೆಗೆದು,
ಹೋಲ್ಡರಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದರು.
ಒಳಗಿನ ತಂತಿ ಒಮ್ಮೆ ಹೆದರಿ, ಆಮೇಲೆ ಧೈರ್ಯ ಮಾಡಿತು.
ಅವರ ಗಡ್ಡ, ಗಾಜಿನ ಕಪಾಟು, ತಕ್ಕಡಿ
ಎಲ್ಲ ಹಳದಿ.

ಸಾಕಷ್ಟು ಹೊತ್ತು ಉರಿಸಿಯೇ ಇಟ್ಟರು.

"ಕೋಳಿ ಸಾಕ್ತೀರಾ?"
"ಇಲ್ಲ."
"ಮತ್ತೆ ಎಂತಕ್ಕೆ?"

ರದ್ದಿ ಕಾಗದದಲ್ಲಿ ಸುತ್ತಿ ಕೊಟ್ಟರು,
ಯಾವುದೋ ಕಚೇರಿಯದು, ಕಿಲೋ ಲೆಕ್ಕದಲ್ಲಿ ಬಂದದ್ದು.
ಬಸ್ಸಿನಲ್ಲಿ ಕೂತು ನೋಡಿದರೆ
ಯಾವ ಸಭೆಯದೋ, ಮೇಲಿನ ಅರ್ಧ ಹರಿದಿತ್ತು.
'ಸ್ವೀಕೃತವಾಗಿರುವುದಿಲ್ಲ.' ಕೆಳಗೆ ನನ್ನ ಸಹಿ.

ಕಾಗದ ಇನ್ನೂ ಬೆಚ್ಚಗಿತ್ತು.